ಹಾಡದ ಸ್ಟೀರಿಯೊ ಮತ್ತು ಒಂದು ನೀಲಿ ವೈರು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಭಾವ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದ. ಕಾರೇನೋ ಚೆನ್ನಾಗಿತ್ತು, ಸ್ಟೀರಿಯೊ ಮಾತ್ರ ಸತ್ತಿತ್ತು. ಪೇಟೆಯಿಂದ ಹೊಸದೊಂದು ತಂದು ಅಂಗಳದಲ್ಲೇ ಇಬ್ಬರೂ ಸೇರಿ ಕೂರಿಸಿದೆವು. ದೀಪ ಹತ್ತಿತು, ಹಾಡಿನ ಹೆಸರು ಓಡಿತು... ಸದ್ದು ಮಾತ್ರ ಇಲ್ಲ!

ಸಾಗರದ ವೈರಿಂಗ್ ಅಂಗಡಿಗೆ ಒಯ್ದೆವು. ಅಲ್ಲಿದ್ದ ಹಿರಿಯರು ಸೀಟಿನ ಅಡಿಗೆ ಕೈ ಹಾಕಿ ತಡಕಿ ನಕ್ಕರು. "ಇದಕ್ಕೆ ಕಂಪನಿಯವರೇ ಬೇರೆ ಆಂಪ್ಲಿಫೈಯರ್ ಇಟ್ಟಿದಾರೆ ಮಾರಾಯ್ರೆ. ಅದನ್ನ ಎಬ್ಬಿಸದೆ ಹಾಡು ಅಂದ್ರೆ ಹೇಗೆ ಹಾಡ್ತದೆ?"

ಅವರು ಕೆಲಸ ಮಾಡುವಷ್ಟು ಹೊತ್ತು ಬೆಂಚಿನ ಮೇಲೆ ಕೂತಿದ್ದೆ. ಕಾರಿನೊಳಗೆ ಹಾಡು ಬಂದ ಕತೆ ನೆನಪಾಗುತ್ತಾ ಹೋಯಿತು.

ಅಮೆರಿಕದ ಗ್ಯಾಲ್ವಿನ್ ಕಂಪನಿ ಕಾರಿನಲ್ಲಿ ಹಾಕುವ ರೇಡಿಯೊ ಮಾಡಿ, ಅದಕ್ಕೆ 'ಮೋಟೊರೋಲಾ' ಅಂತ ಹೆಸರಿಟ್ಟಿದ್ದು 1930ರಲ್ಲಿ. ನಮ್ಮ ಕಡೆಗೆ ಅದು ಬರುವುದಕ್ಕೆ ದಶಕಗಳೇ ಬೇಕಾದವು. ಭದ್ರಾವತಿ ಆಕಾಶವಾಣಿ ಶುರುವಾಗಿದ್ದು 1965ರಲ್ಲಿ. ಆಗ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಅದು ತಪ್ಪಿದ್ದು 1980ರ ದಶಕದಲ್ಲಿ. ಮನೆಯ ಟ್ರಾನ್ಸಿಸ್ಟರನ್ನೇ ಕಾರಿಗೆ ಒಯ್ದರೆ ಗೊರಗೊರ ಅನ್ನುತ್ತಿತ್ತು, ತಗಡಿನ ಮೈ ತರಂಗಗಳನ್ನು ತಡೆಯುತ್ತದಲ್ಲ. ಅದಕ್ಕೇ ಅಂಬಾಸಿಡರ್, ಪದ್ಮಿನಿಗಳ ಹೊರಗೆ ಆ ಉದ್ದನೆಯ ಏರಿಯಲ್ ಕಡ್ಡಿ.

ಆದರೆ ಮಲೆನಾಡಿನ ಕಾರು, ಜೀಪುಗಳು ನಿಜವಾಗಿ ಹಾಡಲು ಕಲಿತಿದ್ದು ಕ್ಯಾಸೆಟ್ ಬಂದ ಮೇಲೆ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಿತು, 1968ರಲ್ಲಿ ಅದನ್ನು ಕಾರಿಗೂ ಇಳಿಸಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಅಂತ ಹೆಸರಾಗಿದ್ದು ಅದೇ. ಜೋಗ ನಮ್ಮ ತಾಲ್ಲೂಕಿನದ್ದು ಅನ್ನೋ ಹೆಮ್ಮೆಗೆ ಸಾಗರದವರು ಅದನ್ನು ಒಂದು ಸುತ್ತು ಜಾಸ್ತಿಯೇ ಕೇಳಿರಬೇಕು! ಆಮೇಲೆ ಯಕ್ಷಗಾನದ ಕ್ಯಾಸೆಟ್ಟುಗಳು. ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ. ಆ ಕಂಠ ಮಾತ್ರ ಜೀಪುಗಳಲ್ಲಿ ಹಾಡುತ್ತಲೇ ಇತ್ತು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹೊಸನಗರದ ಮೇಲೆ ಹೋಗುವಾಗ ಅಪ್ಪಯ್ಯ ಹಾಕುತ್ತಿದ್ದಿದ್ದು ಅವರನ್ನೇ. ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು, ರೀಲು ಒಳಗೆ ಸಿಕ್ಕಿಕೊಳ್ಳುತ್ತಿತ್ತು. ಪೆನ್ಸಿಲ್ ತೂರಿಸಿ ಸುತ್ತಿದ್ದು ನಿಮಗೂ ನೆನಪಿರಬಹುದು.

ಆಗ ಬಹುತೇಕ ವಾಹನಗಳು ಸ್ಟೀರಿಯೊ ಇಲ್ಲದೆಯೇ ಬರುತ್ತಿದ್ದವು. ಹಾಕಿಕೊಡುವುದು ಊರಿನ ವೈರಿಂಗ್ ಅಂಗಡಿಯ ಕೆಲಸ. ಜರ್ಮನಿಯ ಡಿನ್ ಅಳತೆ, ಅಂದರೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಗೂಡು, ಲೋಕಕ್ಕೆಲ್ಲ ಒಂದೇ ಆಯಿತು. ಯಾವ ದೇಶದ ಸ್ಟೀರಿಯೊ ಆದರೂ ಯಾವ ಕಾರಿನಲ್ಲಾದರೂ ಕೂರುತ್ತಿತ್ತು. ಹೊರಗೆ ಸಿಗುವ ಸ್ಟೀರಿಯೊಗಳ ವೈರಿನ ಬಣ್ಣಗಳೂ ಹಾಗೇ ಪಳಗಿದವು: ಹಳದಿ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಅರ್ಥಿಗೆ, ಬಿಳಿ, ಬೂದು, ಹಸಿರು, ನೇರಳೆ ನಾಲ್ಕು ಸ್ಪೀಕರುಗಳಿಗೆ. ಇಂಗ್ಲಿಷ್ ಬಾರದ ಹುಡುಗನೂ ಈ ಬಣ್ಣಗಳನ್ನು ಓದಬಲ್ಲವನಾಗಿದ್ದ. ಒಂದು ಟೆಸ್ಟ್ ಲ್ಯಾಂಪ್, ಒಂದು ಕಟಿಂಗ್ ಪ್ಲೇಯರ್, ಒಂದು ಸುರುಳಿ ಇನ್ಸುಲೇಷನ್ ಟೇಪ್... ಇಷ್ಟೇ ಅವನ ಬಂಡವಾಳ.

ಈ ಸರಳ ಲೆಕ್ಕ ತಪ್ಪಿಸಿದ್ದು ಕಂಪನಿಯ ಆಂಪ್ಲಿಫೈಯರ್. 1983ರ ಮಾದರಿಯ ಕ್ಯಾಡಿಲಾಕ್ ಸೆವಿಲ್‌ನಂಥ ಕಾರುಗಳಿಗೆ ಬೋಸ್ ಮತ್ತು ಜನರಲ್ ಮೋಟರ್ಸ್ ಸೇರಿ, ಆ ಕಾರಿನ ಒಳಾಂಗಣಕ್ಕೆಂದೇ ಹದ ಮಾಡಿದ ವ್ಯವಸ್ಥೆ ತಂದವು. ಉದ್ದೇಶ ಒಳ್ಳೆಯದೇ. ಸೀಟು, ಗಾಜು, ಬಾಗಿಲು ಎಲ್ಲಿವೆ ಅಂತ ಮೊದಲೇ ಗೊತ್ತಿದ್ದರೆ ಸದ್ದನ್ನು ಅದಕ್ಕೆ ತಕ್ಕಂತೆ ತಿದ್ದಬಹುದು. ಆದರೆ ಅಲ್ಲಿಂದ ಸ್ಟೀರಿಯೊ ಬೇರೆ, ಶಕ್ತಿ ಕೊಡುವ ಪೆಟ್ಟಿಗೆ ಬೇರೆ ಆಯಿತು.

ಭಾವನ ಕಾರಿನಲ್ಲಿ ಆಗಿದ್ದೂ ಇದೇ. ಆಂಪ್ಲಿಫೈಯರ್ ಎಚ್ಚರಾಗಬೇಕಾದರೆ ಸ್ಟೀರಿಯೊದಿಂದ ಅದಕ್ಕೊಂದು 12 ವೋಲ್ಟಿನ ಸಂಕೇತ ಹೋಗಬೇಕು. ಹೊಸ ಸ್ಟೀರಿಯೊದಲ್ಲಿ ಅದಕ್ಕೇ ಬಿಳಿ ಗೀರಿನ ನೀಲಿ ವೈರು ಇತ್ತು; ನಾವು ಬೇಡದ್ದು ಅಂದುಕೊಂಡು ಟೇಪ್ ಸುತ್ತಿ ಬಿಟ್ಟಿದ್ದೆವು! ಅದನ್ನು ಜೋಡಿಸಿದ್ದೇ ಸದ್ದು ಬಂತು. ಆದರೆ ಒಡಕು ಸದ್ದು, ಜೊತೆಗೆ ಎಂಜಿನ್ ರೇಸ್ ಮಾಡಿದ ಹಾಗೆಲ್ಲ 'ಕುಂಯ್' ಅನ್ನುವ ರಾಗ.

ಹಿರಿಯರು ವಿವರಿಸಿದರು. ಸ್ಪೀಕರ್ ವೈರುಗಳಲ್ಲಿ ಬರುವುದು ಆಗಲೇ ದೊಡ್ಡದಾದ ಸಂಕೇತ. ಆಂಪ್ಲಿಫೈಯರಿಗೆ ಬೇಕಾದದ್ದು ಸಣ್ಣದು. ಬಲಿತದ್ದನ್ನೇ ಮತ್ತೆ ಬಲಿಸಿದರೆ ಒಡೆಯದೆ ಇನ್ನೇನು? ಹಾಗಾಗಿ ಸ್ಟೀರಿಯೊ ಬೆನ್ನಿನ ಆರ್‌ಸಿಎ ತೂತುಗಳಿಂದ ಸಣ್ಣ ಸಂಕೇತ ತೆಗೆದರು. ಈ ಆಂಪ್ಲಿಫೈಯರಿನ ನೆಗೆಟಿವ್ ಬಾಡಿಗೆ ಸೇರುವಂಥದ್ದಲ್ಲ, ಅದಕ್ಕೇ ಕುಂಯ್ ರಾಗ ಅಂತ ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ ಕೂರಿಸಿದರು. "ಆಂಪ್ಲಿಫೈಯರ್ ಕಿತ್ತೇ ಹಾಕಿದ್ರೆ?" ಅಂದ ಭಾವ. ಅವರು ಮೀಟರ್ ಹಿಡಿದು ತೋರಿಸಿದರು: ಸ್ಪೀಕರ್ 2 ಓಮಿನದ್ದು, ಸ್ಟೀರಿಯೊಗೆ ಬೇಕಾದದ್ದು 4. ನೇರ ಜೋಡಿಸಿದರೆ ಹೊಸದೇ ಸುಡುತ್ತದೆ.

ದುಡ್ಡು ಎಣಿಸಿಕೊಳ್ಳುತ್ತಾ ಅವರು ಹೇಳಿದ ಮಾತು ತಲೆಯಲ್ಲೇ ಉಳಿದಿದೆ. "ಇದು ಸುಲಭ. ಈಗ ಬರುವ ಎಷ್ಟೋ ಗಾಡಿಗಳಿಗೆ ಕೈ ಹಾಕಲಿಕ್ಕೇ ಆಗುವುದಿಲ್ಲ."

ನಿಜ. 2001ರ ಬಿಎಂಡಬ್ಲ್ಯು 7 ಸರಣಿಯಲ್ಲಿ ಹಾಡು ತಾಮ್ರದ ತಂತಿ ಬಿಟ್ಟು ಗಾಜಿನಂಥ ಪ್ಲಾಸ್ಟಿಕ್ ಎಳೆಯಲ್ಲಿ ಬೆಳಕಾಗಿ ಹರಿಯತೊಡಗಿತು. ಅಲ್ಲಿ ಟೆಸ್ಟ್ ಲ್ಯಾಂಪಿಗೆ ಕೆಲಸವಿಲ್ಲ. ಇವತ್ತು ಸಾಧಾರಣ ಕಾರಿನಲ್ಲೂ ಡಿನ್ ಗೂಡಿನ ಜಾಗಕ್ಕೆ ಪರದೆ ಬಂದಿದೆ. ಹಿಂದಿನ ಕ್ಯಾಮೆರಾ, ಎಷ್ಟೋ ಕಡೆ ಎಸಿಯೂ ಅದರೊಳಗೇ. ಸದ್ದು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ 180 ಮಿ.ಮೀ. ಗೂಡು ಬರೀ ತೂತಾಗಿರಲಿಲ್ಲ, ನಿನ್ನ ಕಾರು ನಿನ್ನದು, ಬೇಕಾದ್ದು ಹಾಕಿಕೋ ಅನ್ನುವ ಒಪ್ಪಿಗೆಯಾಗಿತ್ತು. ಹೊಸನಗರ, ತೀರ್ಥಹಳ್ಳಿಯಂಥ ಪೇಟೆಗಳಲ್ಲಿ ಅದನ್ನೇ ನಂಬಿ ಬದುಕು ಕಟ್ಟಿಕೊಂಡವರಿದ್ದರು. ಗೂಡು ಮುಚ್ಚಿದರೆ ಅವರ ಕೈಯ ಓದೂ ಮುಚ್ಚಿಹೋಗುತ್ತದೆ.

ಮಾರನೇ ದಿನ ಹೊಸನಗರದ ದಾರಿ ಹಿಡಿದೆವು. ಗುಡ್ಡ ಅಡ್ಡ ಬಂದ ಕಡೆ ಎಫ್‌ಎಂ ಕೈಕೊಟ್ಟಿತು. ಭಾವ ಪೆನ್‌ಡ್ರೈವ್ ಸಿಕ್ಕಿಸಿದ. ಅಪ್ಪಯ್ಯನ ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ಇಳಿಸಿಕೊಂಡಿದ್ದು ಅದರಲ್ಲಿತ್ತು. ಮೊದಲು ಚರಚರ ಸದ್ದು, ಆಮೇಲೆ ಚಂಡೆ, ಆಮೇಲೆ ನಾವಡರು. ಹಿಂದಿನ ಸೀಟಿನಲ್ಲಿದ್ದ ಅಪ್ಪಯ್ಯ ತೊಡೆ ಮೇಲೆ ತಾಳ ಹಾಕತೊಡಗಿದರು.

ನಿಮ್ಮೂರಿನ ವೈರಿಂಗ್ ಅಂಗಡಿ ಇನ್ನೂ ಇದೆಯಾ? ಇದ್ದರೆ ಒಂದು ಸಲ ಹೋಗಿ ಮಾತಾಡಿಸಿ ಬನ್ನಿ.