ಹೊಗೆಗೆ ಗಡಿಯಿಲ್ಲ: ಆಮ್ಲ ಮಳೆಯ ಇತಿಹಾಸ

ಆಮ್ಲ ಮಳೆಗೆ ಉದಾಹರಣೆ ಕೊಡಿ ಎಂದರೆ ನಮ್ಮ ಮಕ್ಕಳು ಕೂಡಲೇ "ತಾಜಮಹಲ್" ಎಂದು ಬರೆಯುತ್ತಾರೆ. ಅಂಕವೂ ಸಿಗುತ್ತದೆ. ಆದರೆ ಈ ಮಳೆಯನ್ನು ಮೊದಲು ಗುರುತಿಸಿದವರು ಯಾರು, ದೇಶ ದೇಶಗಳ ನಡುವೆ ಅದು ಹೇಗೆ ತಕರಾರು ತಂದಿತು ಎಂಬುದು ಪಾಠದಲ್ಲಿ ಅಷ್ಟಾಗಿ ಬರುವುದಿಲ್ಲ. ಗಡಿಯಲ್ಲಿ ಬಾಳುವ ನಾವು ಇದನ್ನು ತಿಳಿಯಲೇಬೇಕು. ಏಕೆಂದರೆ ಇದೂ ಒಂದು ಗಡಿಯ ಕಥೆಯೇ!

ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನ ವಿಜ್ಞಾನಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಮಳೆನೀರನ್ನು ಪರೀಕ್ಷಿಸಿ 1852ರಲ್ಲಿ ಫಲಿತಾಂಶ ಪ್ರಕಟಿಸಿದರು. ದೂರದ ಹೊಲಗಳಲ್ಲಿ ಅಮೋನಿಯಂ ಕಾರ್ಬೊನೇಟ್, ಊರಂಚಿನಲ್ಲಿ ಅಮೋನಿಯಂ ಸಲ್ಫೇಟ್, ನಗರದೊಳಗೆ ಗಂಧಕಾಮ್ಲ! ಕಲ್ಲಿದ್ದಲಿನ ಹೊಗೆಯೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. 1872ರ ತಮ್ಮ ಪುಸ್ತಕದಲ್ಲಿ ಇದನ್ನು "ಆಮ್ಲ ಮಳೆ" ಎಂದು ಕರೆದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ.

1952ರ ಡಿಸೆಂಬರ್‌ನಲ್ಲಿ ಲಂಡನ್ ನಗರವನ್ನು ಐದು ದಿನ ಹೊಗೆಮಂಜು ಮುಚ್ಚಿತು. ಸುಮಾರು 4000 ಜನ ಸತ್ತರೆಂದು ಆಗ ಲೆಕ್ಕ ಹಾಕಿದರು. ನಂತರದ ಸಂಶೋಧಕರ ಅಂದಾಜು 12,000ದವರೆಗೆ ಹೋಗಿದೆ. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ವಿದ್ಯುತ್ ಸ್ಥಾವರಗಳಿಗೆ ಬಹಳ ಎತ್ತರದ ಚಿಮಣಿಗಳನ್ನು ಕಟ್ಟಿದರು. ಡ್ರಾಕ್ಸ್ ಸ್ಥಾವರದ ಚಿಮಣಿ 259 ಮೀಟರ್! ಸುತ್ತಲಿನ ಊರುಗಳ ಗಾಳಿ ತಿಳಿಯಾಯಿತು. ಸಮಸ್ಯೆ ತೀರಿತೆಂದು ಎಲ್ಲರೂ ತಿಳಿದರು.

ತೀರಿತ್ತೇ? ಇಲ್ಲ. ಮೇಲೆ ಹೋದದ್ದು ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ. ಕಲ್ಲಿದ್ದಲಿನಲ್ಲಿರುವ ಗಂಧಕ ಉರಿದು ಸಲ್ಫರ್ ಡೈ ಆಕ್ಸೈಡ್ ಅನಿಲವಾಗುತ್ತದೆ. ಬಿಸಿಲಿನ ನೆರವಿನಿಂದ ಹುಟ್ಟುವ ಹೈಡ್ರಾಕ್ಸಿಲ್ ಕಣಗಳು ಅದನ್ನು ನಿಧಾನವಾಗಿ ಗಂಧಕಾಮ್ಲವಾಗಿಸುತ್ತವೆ. ಮೋಡದ ಹನಿಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಇದೇ ಕೆಲಸವನ್ನು ಬೇಗನೆ ಮಾಡುತ್ತದೆ. ನೈಟ್ರೋಜನ್ ಆಕ್ಸೈಡ್‌ಗಳು ನೈಟ್ರಿಕ್ ಆಮ್ಲವಾಗುತ್ತವೆ. ಹೊಲ, ಕೊಟ್ಟಿಗೆಗಳಿಂದ ಬರುವ ಅಮೋನಿಯಾ ಸೇರಿದರೆ ಅತಿ ಸೂಕ್ಷ್ಮವಾದ ಸಲ್ಫೇಟ್ ಕಣಗಳು ಹುಟ್ಟುತ್ತವೆ. ಇವು ದಿನಗಟ್ಟಲೆ ತೇಲುತ್ತವೆ, ನೂರಾರು ಕಿಲೋಮೀಟರ್ ಸಾಗುತ್ತವೆ, ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಸ್ವೀಡನ್ನಿನ ಕೆರೆಗಳಲ್ಲಿ ಮೀನುಗಳು ಇಲ್ಲವಾಗುತ್ತಿದ್ದವು. 1967ರಲ್ಲಿ ಅಲ್ಲಿನ ಮಣ್ಣು ವಿಜ್ಞಾನಿ ಸ್ವಾಂತೆ ಓಡೆನ್ ಪತ್ರಿಕೆಯೊಂದರಲ್ಲಿ ಬರೆದು, ಈ ಆಮ್ಲ ಬ್ರಿಟನ್ ಮತ್ತು ಮಧ್ಯ ಯೂರೋಪಿನಿಂದ ಗಾಳಿಯಲ್ಲಿ ಬರುತ್ತಿದೆ ಎಂದರು. 1972ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಸ್ವೀಡನ್ ಇದನ್ನು ಜಗತ್ತಿನ ಮುಂದಿಟ್ಟಿತು. 1979ರಲ್ಲಿ ಜಿನೀವಾ ಒಪ್ಪಂದವಾಯಿತು. ಗಂಧಕವನ್ನು ಶೇ. 30ರಷ್ಟು ಇಳಿಸುವ 1985ರ ಹೆಲ್ಸಿಂಕಿ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಲಿಲ್ಲ. ಆದರೂ ಕ್ರಮೇಣ ದಾರಿಗೆ ಬಂತು. 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಸ್ಥಾವರವನ್ನೂ ಮುಚ್ಚಿತು.

ಇನ್ನು ನಮ್ಮ ಮಾತು. ಕೃಷ್ಣೆಯ ಆಚೆ ದಡದಲ್ಲಿ ರಾಯಚೂರಿನ ಶಕ್ತಿನಗರ, ಈಚೆ ದಡದಲ್ಲಿ ತೆಲಂಗಾಣದ ಕನ್ನಡಿಗರಾದ ನಾವು. ಅಲ್ಲಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಕರ್ನಾಟಕದ ಎಷ್ಟೋ ಮನೆಗಳ ದೀಪ ಉರಿದದ್ದು ಅದರಿಂದಲೇ ಎಂಬುದನ್ನು ಮರೆಯಬಾರದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಗಂಧಕ ಕಡಿಮೆ. ಬೂದಿಯನ್ನು ಯಂತ್ರಗಳು ಹಿಡಿಯುತ್ತವೆ. ಅನಿಲ ಹಾಗೆ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸಲ್ಫರ್ ಡೈ ಆಕ್ಸೈಡ್‌ಗೆ ಮಿತಿ ಗೊತ್ತುಮಾಡಿತು. ಗಡುವು ಹಲವು ಸಲ ಮುಂದೆ ಹೋಯಿತು. 2025ರ ಜುಲೈನಲ್ಲಿ ಗಂಧಕ ತೆಗೆಯುವ ಯಂತ್ರ ಹಾಕುವುದರಿಂದ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಸಿಕ್ಕಿತು.

ಸ್ವೀಡನ್ನಿನ ಮೀನುಗಾರನಿಗೆ ಬ್ರಿಟನ್ನಿನಲ್ಲಿ ಮತವಿರಲಿಲ್ಲ. ಅವನ ಪರವಾಗಿ ಮಾತಾಡಿದ್ದು ವರ್ಷಗಟ್ಟಲೆ ಮಳೆನೀರನ್ನು ಅಳೆದು ಬರೆದಿಟ್ಟ ಲೆಕ್ಕ. ಶಿಕ್ಷಕ ಮಿತ್ರರೇ, ನಮ್ಮ ಶಾಲೆಗಳಲ್ಲೂ ಒಂದು ಶುಭ್ರ ಪಾತ್ರೆ, ಪಿಎಚ್ ಕಾಗದ, ಒಂದು ನೋಟ್‌ಬುಕ್ ಇದ್ದರೆ ಸಾಕು. ಶುದ್ಧ ಮಳೆಯ ಪಿಎಚ್ ಸುಮಾರು 5.6. ಈ ಮಳೆಗಾಲದಲ್ಲಿ ಮಕ್ಕಳಿಂದಲೇ ಅಳೆಯಿಸಿ, ತಾರೀಖು ಹಾಕಿ ಬರೆಸೋಣ.