ಶಾಸನೋಕ್ತ ಅಬ್ಬಲೂರು : ನಾಗರಖಂಡದ ಒಂದು ಗ್ರಾಮದ ಇತಿವೃತ್ತ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿರುವ ಅಬಲೂರು ಇಂದು ಒಂದು ಚಿಕ್ಕ ಗ್ರಾಮ. ಬ್ರಿಟಿಷರ ಆಳಿಕೆಯಲ್ಲಿ ಈ ಪ್ರದೇಶವು ಕೋಡ ತಾಲ್ಲೂಕೆನಿಸಿ ಧಾರವಾಡ ಜಿಲ್ಲೆಗೆ ಸೇರಿತ್ತು; ೧೯೯೭ರಲ್ಲಿ ಹಾವೇರಿ ಜಿಲ್ಲೆಯು ರಚಿತವಾದಾಗ ಅದಕ್ಕೆ ಒಳಪಟ್ಟಿತು. ಶಾಸನಗಳಲ್ಲಿ ಈ ಗ್ರಾಮಕ್ಕೆ ‘ಅಬ್ಬಲೂರು’ ಎಂಬ ಹೆಸರಿದೆ. ತ್ರಿಪದಿಕಾರ ಸರ್ವಜ್ಞನ ತಾಯಿಯ ಊರೆಂದು ಜನರು ಇದನ್ನು ಸ್ಮರಿಸುತ್ತಾರೆ. ಸಮೀಪದ ಮಾಸೂರಿನೊಡನೆ ಆ ಗೌರವವನ್ನು ಇದು ಹಂಚಿಕೊಂಡಿದೆ. ಆದರೆ ಸರ್ವಜ್ಞನಿಗಿಂತ ಶತಮಾನಗಳಷ್ಟು ಹಿಂದೆಯೇ ಈ ಗ್ರಾಮದ ಹೆಸರು ಮೂವರು ಅರಸರ ಕಿವಿಗೆ ಬಿದ್ದಿತ್ತೆಂಬುದನ್ನು ಅರಿತವರು ವಿರಳ.

ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ಎಡೆಯಲ್ಲಿ ಈ ಪ್ರದೇಶವಿದೆ. ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚು, ಕಾಡು ದಟ್ಟ. ಪೂರ್ವಕ್ಕೆ ಸರಿದಂತೆ ಬಯಲು ತೆರೆದುಕೊಳ್ಳುತ್ತದೆ. ದೊಡ್ಡ ನದಿಗಳಿಗಿಂತ ಕೆರೆಗಳನ್ನೇ ನಂಬಿ ಬಾಳಿದ ನಾಡಿದು. ಮಾಸೂರಿನ ಬಳಿಯ ಮದಗದ ಕೆರೆಯು ಇದಕ್ಕೆ ಪ್ರಸಿದ್ಧ ನಿದರ್ಶನ. ಕೆರೆಯಿದ್ದಲ್ಲಿ ಗದ್ದೆ, ಗದ್ದೆಯಿದ್ದಲ್ಲಿ ದೇವಾಲಯಕ್ಕೆ ದತ್ತಿ, ದತ್ತಿಯಿದ್ದಲ್ಲಿ ಶಾಸನ; ಈ ಭಾಗದಲ್ಲಿ ಶಿಲಾಲೇಖಗಳು ಹೇರಳವಾಗಿ ದೊರೆಯುವುದಕ್ಕೆ ಭೂಮಿಯ ಈ ಗುಣವೂ ಒಂದು ಕಾರಣವಾಗಿರಬೇಕು.

ಬನವಾಸಿ ಹನ್ನಿರ್ಛಾಸಿರದ ಒಳನಾಡುಗಳಲ್ಲಿ ನಾಗರಖಂಡ ಎಪ್ಪತ್ತು ಒಂದು. ಅಬ್ಬಲೂರು ಅದರೊಳಗಿನ ಗ್ರಾಮ. ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಂದಳಿಕೆ ಆ ನಾಡಿನ ಮುಖ್ಯ ಸ್ಥಳವಾಗಿತ್ತು. ಅಲ್ಲಿಯ ಶಾಂತಿನಾಥ ಬಸದಿ ಜೈನರಿಗೆ ಪವಿತ್ರವಾದುದು. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಪತಿಯು ಮಡಿದ ಮೇಲೆ ಜಕ್ಕಿಯಬ್ಬೆ ಎಂಬ ಸ್ತ್ರೀಯು ನಾಗರಖಂಡದ ನಾಳ್ಗಾವುಂಡತನವನ್ನು ವಹಿಸಿ, ಸಮರ್ಥವಾಗಿ ಆಳಿ, ಕಡೆಗೆ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ಈ ಸಂಗತಿಯನ್ನು ಮುಂದಿನ ಕಥನದ ಜೊತೆಯಲ್ಲಿಯೇ ನೆನಪಿಡುವುದು ಅವಶ್ಯಕ. ಈ ನೆಲದಲ್ಲಿ ಜೈನಧರ್ಮವು ಹೊರಗಿನಿಂದ ಬಂದು ಕುಳಿತ ಅತಿಥಿಯಾಗಿರಲಿಲ್ಲ. ಗಾವುಂಡರ ಮನೆತನಗಳಲ್ಲಿ ಬೇರೂರಿದ್ದ ಧರ್ಮವಾಗಿತ್ತು.

ಶೈವವೂ ಇಲ್ಲಿ ಅಷ್ಟೇ ಪ್ರಬಲವಾಗಿತ್ತು. ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಳ್ಳಿಗಾವೆಯು ದೂರದಲ್ಲಿಲ್ಲ. ಅಲ್ಲಿಯ ಕೋಡಿಯ ಮಠದ ಕಾಳಾಮುಖ ಆಚಾರ್ಯರು ‘ಮೂವರಕೋಣೆಯ ಸಂತತಿ’ಗೆ ಸೇರಿದವರು. ಅಬ್ಬಲೂರಿನ ಬ್ರಹ್ಮೇಶ್ವರ ದೇವಾಲಯದ ಸ್ಥಾನಾಚಾರ್ಯರೂ ಅದೇ ಸಂತತಿಯವರೆಂಬುದು ಹನ್ನೆರಡನೆಯ ಶತಮಾನದ ಮೊದಲ ವರ್ಷಗಳ, ಎಂದರೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ, ಶಾಸನದಿಂದ ವಿದಿತವಾಗುತ್ತದೆ. ಹೀಗೆ ಈ ಗ್ರಾಮದಲ್ಲಿ ಒಂದು ಕಡೆ ವಿದ್ಯಾವಂತ ಕಾಳಾಮುಖರ ಶಿವಾಲಯ, ಇನ್ನೊಂದು ಕಡೆ ಗಾವುಂಡನ ಆಶ್ರಯದ ಬಸದಿ, ಎರಡೂ ಇದ್ದವು. ಇಂತಹ ಊರಿಗೆ ಏಕಾಂತದ ರಾಮಯ್ಯನು ಬಂದನು.

ರಾಮಯ್ಯನ ವೃತ್ತಾಂತವನ್ನು ಹೇಳುವ ದೊಡ್ಡ ಶಾಸನವು ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿದೆ. ಇದರ ಕಾಲ ಸುಮಾರು ಕ್ರಿ.ಶ. ೧೨೦೦. ಜೆ. ಎಫ್. ಫ್ಲೀಟರು ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಶಾಸನದ ಪ್ರಕಾರ ರಾಮಯ್ಯನು ಆಳಂದೆಯವನು. ಶ್ರೀವತ್ಸ ಗೋತ್ರದ ಪುರುಷೋತ್ತಮ ಭಟ್ಟನ ಮಗ. ವೀರಭದ್ರನ ಅಂಶದಿಂದ ಜನಿಸಿದವನು. ಶಿವನನ್ನಲ್ಲದೆ ಅನ್ಯವನ್ನು ನೆನೆಯದ ಏಕಾಂತ ಭಕ್ತಿಯಿಂದ ಅವನಿಗೆ ಆ ವಿಶೇಷಣವು ಬಂದಿತು. ಅವನು ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಸೋಮನಾಥನನ್ನು ಸೇವಿಸಿ, ಅಲ್ಲಿಂದ ಅಬ್ಬಲೂರಿಗೆ ಬಂದು ಬ್ರಹ್ಮೇಶ್ವರನ ಸನ್ನಿಧಿಯಲ್ಲಿ ನಿಂತನು.

ಅಲ್ಲಿ ಸಂಕಗಾವುಂಡನ ನೇತೃತ್ವದ ಜೈನರಿಗೂ ರಾಮಯ್ಯನಿಗೂ ವಿವಾದ ಉಂಟಾಯಿತು. ರಾಮಯ್ಯನು ತನ್ನ ಶಿರವನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆಯುವುದಾಗಿಯೂ, ಪಡೆದರೆ ಅವರು ಜಿನಬಿಂಬವನ್ನು ತೆಗೆದು ಅಲ್ಲಿ ಶಿವನನ್ನು ಪ್ರತಿಷ್ಠಿಸಬೇಕೆಂದೂ ಪಣವೊಡ್ಡಿದನು. ಪಣವನ್ನು ಓಲೆಯಲ್ಲಿ ಬರೆಯಿಸಲಾಯಿತು. ಶಿರವನ್ನು ಅರಿದುಕೊಂಡ ರಾಮಯ್ಯನಿಗೆ ಏಳನೆಯ ದಿನ ಅದು ಕಲೆಯಿಲ್ಲದೆ ಕೂಡಿಕೊಂಡಿತೆಂದು ಶಾಸನವು ಹೇಳುತ್ತದೆ. ಹರಿಹರನೂ ಈ ಶರಣನನ್ನು ಕುರಿತು ರಗಳೆಯನ್ನು ರಚಿಸಿದ್ದಾನೆ.

ಶಿರವು ಮರಳಿ ಕೂಡಿದುದು ಶ್ರದ್ಧೆಗೆ ಸಂಬಂಧಿಸಿದ ವಿಷಯ. ಅದನ್ನು ಚರಿತ್ರೆಯ ತಕ್ಕಡಿಯಲ್ಲಿಟ್ಟು ತೂಗುವುದು ಉಚಿತವಲ್ಲ. ಆದರೆ ಓಲೆಯು ಶ್ರದ್ಧೆಯ ವಿಷಯವಲ್ಲ, ಅದು ಪತ್ರ. ಜೈನರು ಬಿಜ್ಜಳನ ಬಳಿಗೆ ದೂರು ಒಯ್ದಾಗ ರಾಮಯ್ಯನು ಪವಾಡವನ್ನು ವರ್ಣಿಸುತ್ತ ನಿಲ್ಲಲಿಲ್ಲ. ಓಲೆಯನ್ನೇ ಅರಸನ ಮುಂದಿಟ್ಟನು. ಪುಲಿಗೆರೆಯ ಆನೆಸೆಜ್ಜೆಯ ಬಸದಿ ಮೊದಲಾದವುಗಳನ್ನು ಪಣವಾಗಿ ಒಡ್ಡುವುದಾದರೆ ಮತ್ತೊಮ್ಮೆ ಶಿರವನ್ನು ಅರಿದುಕೊಳ್ಳಲು ಸಿದ್ಧನೆಂದೂ ನುಡಿದನು. ಎದುರಾಳಿಗಳು ಒಪ್ಪಲಿಲ್ಲ. ಬಿಜ್ಜಳನು ರಾಮಯ್ಯನಿಗೆ ಜಯಪತ್ರವನ್ನಿತ್ತು, ಅಬ್ಬಲೂರಿನ ವೀರಸೋಮನಾಥ ದೇವರಿಗೆ ಸತ್ತಳಿಗೆ ಎಪ್ಪತ್ತರೊಳಗಿನ ಗೋಗಾವೆ ಎಂಬ ಗ್ರಾಮವನ್ನು ಬಿಟ್ಟನು. ಶರಣರ ವೈರಿಯೆಂದು ಪುರಾಣಗಳು ಚಿತ್ರಿಸುವ ಅರಸನೇ ಇಲ್ಲಿ ಶರಣನೊಬ್ಬನ ಪರವಾಗಿ ತೀರ್ಪು ನೀಡಿದ್ದಾನೆ! ಬಿಜ್ಜಳನನ್ನು ಕುರಿತು ಬರೆಯುವವರು ಈ ಶಾಸನವನ್ನು ಬದಿಗಿಡಲಾಗದು.

ಗ್ರಾಮದ ಭಾಗ್ಯವು ಇಷ್ಟಕ್ಕೇ ನಿಲ್ಲಲಿಲ್ಲ. ಕಳಚುರಿಗಳ ತರುವಾಯ ಚಾಲುಕ್ಯ ರಾಜ್ಯವನ್ನು ಮರಳಿ ಪಡೆದ ನಾಲ್ಕನೆಯ ಸೋಮೇಶ್ವರನು ರಾಮಯ್ಯನ ಸಾಹಸವನ್ನು ಕೇಳಿ, ಅವನನ್ನು ಬರಮಾಡಿಕೊಂಡು, ಅಬ್ಬಲೂರನ್ನೇ ದೇವರಿಗೆ ದತ್ತಿಯಾಗಿ ಕೊಟ್ಟನು. ಬಳಿಕ ಹಾನಗಲ್ಲಿನ ಕದಂಬ ಕಾಮದೇವನು ಮುಂಡಗೋಡಿನ ಬಳಿಯ ಮಲ್ಲವಳ್ಳಿಯನ್ನು ಬಿಟ್ಟನು. ಮೂರು ರಾಜಮನೆತನಗಳು, ಮೂರು ಗ್ರಾಮಗಳು. ಇವುಗಳಲ್ಲಿ ಎರಡನೆಯ ದತ್ತಿಯೇ ಗ್ರಾಮದ ಇತಿಹಾಸಕ್ಕೆ ಅತ್ಯಂತ ಮುಖ್ಯವಾದುದು. ಸಂಕಗಾವುಂಡನು ಮುಂದಾಳಾಗಿ ನಿಂತಿದ್ದ ಊರೇ ದೇವಸ್ವವಾಯಿತು. ವಾದವು ಆರಾಧನೆಯನ್ನು ಕುರಿತದ್ದಾಗಿದ್ದರೂ ಅದರ ಫಲವು ಹೊಲಗದ್ದೆಗಳ ಆದಾಯದವರೆಗೆ ಮುಟ್ಟಿತು. ಇಂತಹ ವಿವಾದಗಳನ್ನು ಕೇವಲ ಸಿದ್ಧಾಂತಗಳ ಸಂಘರ್ಷವೆಂದು ಬಗೆಯುವವರು ಶಾಸನದ ಕೊನೆಯ ಭಾಗವನ್ನು ಓದದೆ ಪುಸ್ತಕ ಮುಚ್ಚುವವರು.

ಈ ಶಾಸನದಲ್ಲಿ ಬಸವಣ್ಣನವರ ಉಲ್ಲೇಖವಿಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು ಫ್ಲೀಟರು, ಹನ್ನೆರಡನೆಯ ಶತಮಾನದ ಶೈವ ಪುನರುತ್ಥಾನದ ನಿಜವಾದ ನಾಯಕ ರಾಮಯ್ಯನೆಂಬ ಅಭಿಪ್ರಾಯಕ್ಕೆ ಒಲಿದರು. ಶಾಸನವನ್ನು ಓದುವುದರಲ್ಲಿ ಅವರ ಶ್ರಮವು ಸ್ತುತ್ಯ, ತೀರ್ಮಾನವು ಅವಸರದ್ದು. ಒಂದು ದೇವಾಲಯದ ದತ್ತಿಶಾಸನವು ಆ ದೇವಾಲಯಕ್ಕೆ ಸಂಬಂಧಿಸಿದವರ ಮಾತನ್ನು ಹೇಳುತ್ತದೆಯೇ ಹೊರತು ಇಡೀ ಯುಗದ ಚರಿತ್ರೆಯನ್ನಲ್ಲ. ಅಬ್ಬಲೂರಿನ ಕಲ್ಲು ಮೌನವಾಗಿದ್ದ ಮಾತ್ರಕ್ಕೆ ಕಲ್ಯಾಣವು ಬರಿದಾಗಿತ್ತೆನ್ನಲಾದೀತೆ? ಮುಂದೆ ಬೆಳಕಿಗೆ ಬಂದ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಕ್ರಿ.ಶ. ೧೨೬೦ರ ಶಾಸನದಲ್ಲಿ ಸಂಗನಬಸವನ ಹೆಸರು ಸ್ಪಷ್ಟವಾಗಿ ದೊರೆತುದರಿಂದ ಆ ಸಂದೇಹಕ್ಕೆ ಎಡೆಯುಳಿಯಲಿಲ್ಲ. ರಾಮಯ್ಯನ ಹಿರಿಮೆಗೂ ಇದರಿಂದ ಕುಂದಿಲ್ಲ. ವಚನ ಸಂಕಲನಗಳಲ್ಲಿ ಏಕಾಂತರಾಮಿತಂದೆಯ ಹೆಸರಿನಲ್ಲಿ, ‘ಎನ್ನಯ್ಯ ಚೆನ್ನರಾಮ’ ಎಂಬ ಅಂಕಿತದ ಕೆಲವು ವಚನಗಳು ಸೇರಿವೆ. ಕಾಳಾಮುಖರ ದೇವಾಲಯದಲ್ಲಿ ನಿಂತು ಹೋರಾಡಿದ ಭಕ್ತನನ್ನು ಶರಣ ಪರಂಪರೆಯು ತನ್ನವನೆಂದು ಎಣಿಸಿತು. ಕಾಳಾಮುಖ ಮಠಗಳ ನೆಲೆಯಲ್ಲಿ ಮುಂದೆ ವೀರಶೈವ ಮಠಗಳು ಹೇಗೆ ಬೆಳೆದವೆಂಬುದನ್ನು ಅರಸುವವರಿಗೆ ಈ ಊರು ಒಂದು ಮುಖ್ಯ ಆಕರ.

ಸೋಮೇಶ್ವರ ದೇವಾಲಯದಲ್ಲಿ ಈ ವೃತ್ತಾಂತವನ್ನು ಶಿಲ್ಪದಲ್ಲಿಯೂ ಕಂಡರಿಸಲಾಗಿದೆ. ಶಿಲ್ಪಗಳ ಜೊತೆಗೆ ಚಿಕ್ಕ ಬರಹಗಳೂ ಇವೆ. ರಾಮಯ್ಯನು ಪಣವಿಟ್ಟು ಶಿರವನ್ನು ಅರಿದ ಎಡೆಯಿದೆಂದು ಒಂದು ಬರಹವು ಸೂಚಿಸುತ್ತದೆ. ಇನ್ನೊಂದು ಬರಹದ ಧಾಟಿಯೇ ಬೇರೆ. ಸಂಕಗಾವುಂಡನು ಬಸದಿಯನ್ನು ಒಡೆಯಗೊಡದೆ ಆಳುಕುದುರೆಗಳನ್ನು ಒಡ್ಡಿ ನಿಂತನೆಂದೂ, ರಾಮಯ್ಯನು ಕಾದಿ ಗೆದ್ದು, ಜಿನಬಿಂಬವನ್ನು ಒಡೆದು ಲಿಂಗವನ್ನು ಪ್ರತಿಷ್ಠಿಸಿದನೆಂದೂ ಅದು ಹೇಳುತ್ತದೆ. ದೊಡ್ಡ ಶಾಸನದಲ್ಲಿ ಓಲೆ ಮತ್ತು ಜಯಪತ್ರಗಳಿಗೆ ದೊರೆತ ಪ್ರಾಧಾನ್ಯವು ಇಲ್ಲಿ ಆಯುಧಗಳಿಗೆ ಸಂದಿದೆ. ರಾಮಯ್ಯನ ಭಕ್ತಿಯನ್ನು ಕೊಂಡಾಡುವವರು ಈ ಎರಡನೆಯ ಬರಹವನ್ನು ಸಾಮಾನ್ಯವಾಗಿ ಎತ್ತಿ ಆಡುವುದಿಲ್ಲ. ಆದರೆ ಅದನ್ನು ಕೆತ್ತಿಸಿದವರು ಎದುರಾಳಿಗಳಲ್ಲ, ರಾಮಯ್ಯನ ಅಭಿಮಾನಿಗಳೇ; ಮುಚ್ಚಿಡಬೇಕೆಂದು ಅವರಿಗೆ ತೋರಲಿಲ್ಲ. ತನ್ನ ಊರಿನ ಬಸದಿಗಾಗಿ ಅಡ್ಡನಿಂತ ಗಾವುಂಡನ ಹೆಸರು ಉಳಿದುಬಂದಿರುವುದೂ ಅವರ ಆ ಕಲ್ಲಿನಿಂದಲೇ.