ಡ್ರ್ಯಾಗನ್ ಬಾಲ್ ಝೆಡ್: ಕಾಕರಾಟ್

'ಡ್ರ್ಯಾಗನ್ ಬಾಲ್ ಝೆಡ್: ಕಾಕರಾಟ್' ಜಪಾನಿನ ಹೆಸರಾಂತ ಅನಿಮೆಯನ್ನು ಆಧರಿಸಿದ ಆ್ಯಕ್ಷನ್ ರೋಲ್‌ಪ್ಲೇಯಿಂಗ್ ವಿಡಿಯೊ ಗೇಮ್. ಫುಕುವೊಕಾದ ಸೈಬರ್‌ಕನೆಕ್ಟ್ ಟು ಸಂಸ್ಥೆ ಇದನ್ನು ರೂಪಿಸಿತು. ಬಂದಾಯ್ ನಾಮ್ಕೊ ಹೊರತಂದಿತು. 2020ರ ಜನವರಿಯಲ್ಲಿ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಮತ್ತು ವಿಂಡೋಸ್ ಕಂಪ್ಯೂಟರ್‌ಗಳಿಗೆ ಬಿಡುಗಡೆಯಾಯಿತು. ಕಥಾನಾಯಕ ಗೋಕುವಿಗೆ ಹುಟ್ಟಿದ ಗ್ರಹದಲ್ಲಿ ಇಟ್ಟ ಹೆಸರು ಕಾಕರಾಟ್. ಕಾಳಗಗಳಷ್ಟೇ ಅಲ್ಲ, ಅವುಗಳ ನಡುವಿನ ಬದುಕೂ ಆಟಗಾರರ ಕೈಗೆ ಸಿಕ್ಕಿದ್ದು ಈ ಗೇಮಿನ ಹೆಚ್ಚುಗಾರಿಕೆ.

ಮೂಲ ಕಥೆ

ಅಕಿರಾ ತೊರಿಯಾಮಾ ಅವರ 'ಡ್ರ್ಯಾಗನ್ ಬಾಲ್' ಮಾಂಗಾ (ಜಪಾನಿ ಚಿತ್ರಕಥೆ) 1984ರಿಂದ 1995ರವರೆಗೆ 'ವೀಕ್ಲಿ ಶೋನೆನ್ ಜಂಪ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದಕ್ಕೆ ಮೊದಲ ಪ್ರೇರಣೆ 16ನೇ ಶತಮಾನದ ಚೀನೀ ಕಾದಂಬರಿ 'ಜರ್ನಿ ಟು ದ ವೆಸ್ಟ್'. ಅದರ ಕಪಿವೀರ ಸುನ್ ವುಕಾಂಗನ ಹೆಸರನ್ನು ಜಪಾನೀಯರು ಸೊನ್ ಗೋಕು ಎಂದು ಓದುತ್ತಾರೆ. ಆ ಕಾದಂಬರಿಯ ಯಾತ್ರಿಕ ಭಿಕ್ಷುವಿಗೆ ಮೂಲವಾದವನು, ಇಮ್ಮಡಿ ಪುಲಿಕೇಶಿಯ ಪರಾಕ್ರಮವನ್ನು ದಾಖಲಿಸಿದ ಹ್ಯೂಯೆನ್ ತ್ಸಾಂಗನೇ.

ಮಾಂಗಾದ ಉತ್ತರಾರ್ಧವನ್ನು ತೊಯೆ ಆ್ಯನಿಮೇಷನ್ 'ಡ್ರ್ಯಾಗನ್ ಬಾಲ್ ಝೆಡ್' ಎಂಬ ಹೆಸರಿನಲ್ಲಿ ತೆರೆಗೆ ತಂದಿತು. 1989ರಿಂದ 1996ರವರೆಗೆ ಅದರ 291 ಕಂತುಗಳು ಪ್ರಸಾರವಾದವು. ಕಾಕರಾಟ್ ಗೇಮಿಗೆ ಆಧಾರ ಈ ಸರಣಿಯೇ.

ಹಿಂದಿನ ಪ್ರಯತ್ನಗಳು

ಈ ಕಥೆಯನ್ನು ರೋಲ್‌ಪ್ಲೇಯಿಂಗ್ ಆಟವಾಗಿಸುವ ಆಸೆ ಹಳೆಯದು. 1988ರಲ್ಲೂ 1990ರಲ್ಲೂ ನಿಂಟೆಂಡೊದ ಫ್ಯಾಮಿಕಾಮ್ ಕನ್ಸೋಲಿಗೆ ಬಂದ ಆಟಗಳಲ್ಲಿ ಇಸ್ಪೀಟಿನಂಥ ಕಾರ್ಡುಗಳನ್ನು ಆರಿಸಿ ಹೋರಾಡಬೇಕಿತ್ತು. ಅನಿಮೆಯ ವೇಗವನ್ನು ತೋರಿಸುವ ಶಕ್ತಿ ಆಗಿನ ಯಂತ್ರಗಳಿಗೆ ಇರಲಿಲ್ಲ. 2002ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ 'ದ ಲೆಗಸಿ ಆಫ್ ಗೋಕು' ಆ್ಯಕ್ಷನ್ ಮಾದರಿಯನ್ನು ಹಿಡಿಯಿತು. 2015ರ 'ಝೆನೊವರ್ಸ್'ನಲ್ಲಿ ಆಟಗಾರ ತಾನೇ ಸೃಷ್ಟಿಸಿದ ಪಾತ್ರವಾಗಿ ಕಥೆಯೊಳಗೆ ಕಾಲಿಡಬಹುದಿತ್ತು. ಆದರೂ ಮನೆಯ ಕನ್ಸೋಲ್‌ಗಳಲ್ಲಿ ಬಹುಪಾಲು ಡ್ರ್ಯಾಗನ್ ಬಾಲ್ ಆಟಗಳು ಇಬ್ಬರು ಎದುರುಬದುರಾಗಿ ಬಡಿದಾಡುವ ಫೈಟಿಂಗ್ ಗೇಮ್‌ಗಳಾಗಿಯೇ ಉಳಿದವು.

ನಿರ್ಮಾಣ

'ನರುಟೊ' ಮಾಂಗಾ ಆಧಾರಿತ 'ಅಲ್ಟಿಮೇಟ್ ನಿಂಜಾ ಸ್ಟಾರ್ಮ್' ಸರಣಿಯಿಂದ ಸೈಬರ್‌ಕನೆಕ್ಟ್ ಟು ಆಗಲೇ ಹೆಸರು ಮಾಡಿತ್ತು. ಮಾಂಗಾ ಪುಟದ ರಭಸವನ್ನು ತ್ರೀಡಿ ದೃಶ್ಯವಾಗಿಸುವುದು ಅದಕ್ಕೆ ಕರಗತವಾಗಿತ್ತು. 2019ರ ಜನವರಿಯಲ್ಲಿ 'ಪ್ರಾಜೆಕ್ಟ್ ಝೆಡ್' ಎಂಬ ತಾತ್ಕಾಲಿಕ ಹೆಸರಿನೊಂದಿಗೆ ಗೇಮಿನ ಘೋಷಣೆಯಾಯಿತು; ಅದೇ ವರ್ಷದ ಇ3 ವಿಡಿಯೊ ಗೇಮ್ ಮೇಳದ ಹೊತ್ತಿಗೆ ಈಗಿನ ಹೆಸರು ಹೊರಬಿತ್ತು. ತೊರಿಯಾಮಾ ಈ ಗೇಮಿಗಾಗಿಯೇ ಬೋನ್ಯು ಎಂಬ ಹೊಸ ಪಾತ್ರವನ್ನು ಚಿತ್ರಿಸಿಕೊಟ್ಟರು. ಆಕೆ ಖಳನಾಯಕ ಫ್ರೀಝಾನ ಕೈಕೆಳಗಿನ ಗಿನ್ಯು ಪಡೆಯ ಮಾಜಿ ಸದಸ್ಯೆ.

ಆಟದ ಬಗೆ

ಗೋಕುವಿನದೇ ಕುಲದ ಸಾಯಾನರ ದಾಳಿಯಿಂದ ಆರಂಭವಾಗುವ ಕಥೆ ಫ್ರೀಝಾ, ಸೆಲ್, ಮಾಜಿನ್ ಬೂ ಅಧ್ಯಾಯಗಳಲ್ಲಿ ಸಾಗುತ್ತದೆ. ಆಟಗಾರ ಗೋಕು ಒಬ್ಬನೇ ಆಗಿರುವುದಿಲ್ಲ. ಕಥೆ ಬೇಡಿದಂತೆ ಗೋಹಾನ್, ಪಿಕೊಲೊ, ವೆಜೀಟಾ, ಟ್ರಂಕ್ಸ್ ಕೂಡ ಆಗುತ್ತಾನೆ. ಲೋಕವನ್ನು ಹಲವು ವಿಶಾಲ ಪ್ರದೇಶಗಳಾಗಿ ಹಂಚಲಾಗಿದೆ. ಅಲ್ಲಿ ಹಾರಾಡುತ್ತ ಆಟಗಾರ ಬಣ್ಣಬಣ್ಣದ ಝೆಡ್ ಆರ್ಬ್‌ಗಳನ್ನು ಕೂಡಿಹಾಕಿ, ಅವುಗಳಿಂದ ಹೊಸ ಪಟ್ಟುಗಳನ್ನು ಕಲಿಯುತ್ತಾನೆ. ಕಾಳಗದಲ್ಲಿ ಕೈಕಾಲಿನ ಹೊಡೆತ, ಕಿ ಶಕ್ತಿಯ ಉಂಡೆಗಳು, ಕಾಮೆಹಾಮೆಹಾದಂಥ ಮಹಾಪ್ರಹಾರಗಳಿವೆ. ಕಿ ಬರಿದಾದರೆ ಎದುರಾಳಿಯ ಕಣ್ಣೆದುರೇ ನಿಂತು ಅದನ್ನು ತುಂಬಿಕೊಳ್ಳಬೇಕು.

ಕಾಳಗ ಮುಗಿದ ಮೇಲೆ ಗೋಕು ಕೃತಕ ಬಾಲ ಕಟ್ಟಿಕೊಂಡು ಹೊಳೆಯ ದಡದಲ್ಲಿ ಕೂರುತ್ತಾನೆ. ಬಾಲವನ್ನೇ ಗಾಳದಂತೆ ನೀರಿಗೆ ಇಳಿಬಿಟ್ಟು, ಸರಿಯಾದ ಹೊತ್ತಿಗೆ ಗುಂಡಿ ಒತ್ತಿದರೆ ಮೀನು ಸಿಗುತ್ತದೆ. ಮನೆಗೆ ಒಯ್ದರೆ ಹೆಂಡತಿ ಚಿಚಿ ಅಡುಗೆ ಮಾಡುತ್ತಾಳೆ. ಉಂಡವರ ಬಲ ಹೆಚ್ಚುತ್ತದೆ. ಮೀನುಗಾರಿಕೆ ಬರೀ ಕಾಲಹರಣವಾಗದೆ ಮುಂದಿನ ಕಾಳಗದ ತಯಾರಿಯಾಗುವುದು ಹೀಗೆ. ಗೋಕು ಮತ್ತು ಪಿಕೊಲೊ ಕಾರು ಓಡಿಸಲು ಕಲಿಯುವ ಪ್ರಸಂಗ ಮಾಂಗಾದಲ್ಲಿಲ್ಲ, ಅನಿಮೆಯಲ್ಲಷ್ಟೇ ಇದೆ. ಅದಕ್ಕೂ ಇಲ್ಲಿ ಜಾಗ ಸಿಕ್ಕಿದೆ.

ಸ್ವಾಗತ

ಕೆಲವೇ ವಾರಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಕಥೆಯ ನಿಷ್ಠೆಯನ್ನೂ ದೃಶ್ಯವೈಭವವನ್ನೂ ವಿಮರ್ಶಕರು ಮೆಚ್ಚಿಕೊಂಡರು. ಉಪಕಥೆಗಳಲ್ಲಿ ಒಂದೇ ಬಗೆಯ ಕೆಲಸ ಮರುಕಳಿಸುತ್ತದೆ, ಪಾತ್ರ ಬೆಳೆಸುವ ವ್ಯವಸ್ಥೆ ತೆಳುವಾಗಿದೆ ಎಂಬ ಆಕ್ಷೇಪಗಳೂ ಬಂದವು. ಆಕ್ಷೇಪಗಳು ಸಕಾರಣವೇ. ಆದರೆ ವೀರರಿಗೂ ಮನೆಯಿದೆ, ಹಸಿವಿದೆ, ಮಕ್ಕಳ ಚಿಂತೆಯಿದೆ ಎಂಬ ತೊರಿಯಾಮಾ ಕಥೆಯ ಮೃದು ಮುಖವನ್ನು ಇಷ್ಟು ವಿಸ್ತಾರವಾಗಿ ಆಡಿಸಿದ್ದು ಈ ಗೇಮಿನ ನಿಜವಾದ ಸಾಧನೆ.

ವಿಸ್ತರಣೆಗಳು

2020ರ ಎರಡು ವಿಸ್ತರಣೆಗಳಲ್ಲಿ ವಿನಾಶದ ದೇವತೆ ಬೀರಸ್ ಮತ್ತು ಫ್ರೀಝಾನ ಹೊಸ ರೂಪವಾದ ಗೋಲ್ಡನ್ ಫ್ರೀಝಾ ಬಂದರು. 2021ರಲ್ಲಿ ಭವಿಷ್ಯದ ಟ್ರಂಕ್ಸ್‌ನ ಕಥೆ ಸೇರಿತು; ಅದೇ ವರ್ಷ ನಿಂಟೆಂಡೊ ಸ್ವಿಚ್ ಆವೃತ್ತಿಯೂ ಹೊರಬಂತು. 2023ರ ಜನವರಿಯಲ್ಲಿ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಆವೃತ್ತಿಗಳ ಜೊತೆಗೇ ಗೋಕುವಿನ ತಂದೆ ಬಾರ್ಡಾಕ್‌ನ ಕಥೆ ಬಂತು. ಅದೇ ವರ್ಷ ಕಥೆಯೊಳಗಿನ 23ನೇ ವಿಶ್ವ ಕಾಳಗ ಪಂದ್ಯಾವಳಿಯ ವಿಸ್ತರಣೆ ಝೆಡ್‌ಗೂ ಹಿಂದಿನ ಕಾಲಕ್ಕೆ ಹೋಯಿತು. 2024ರ ಫೆಬ್ರುವರಿಯಲ್ಲಿ ಬಂದ 'ಗೋಕುಸ್ ನೆಕ್ಸ್ಟ್ ಜರ್ನಿ'ಯಲ್ಲಿ ಗೋಕು ಎಳೆಯ ಊಬ್‌ಗೆ ಗುರುವಾಗುತ್ತಾನೆ. ಮೂಲ ಮಾಂಗಾ ಮುಗಿಯುವುದೂ ಅದೇ ಘಟ್ಟದಲ್ಲಿ. ಮರುತಿಂಗಳ 1ರಂದು ತೊರಿಯಾಮಾ ತೀರಿಕೊಂಡರು. 2025ರಲ್ಲಿ, ಅವರ ನಿಧನಾನಂತರ ಪ್ರಸಾರವಾದ 'ಡೈಮಾ' ಸರಣಿಯ ಕಥೆಯೂ ಗೇಮಿಗೆ ಸೇರತೊಡಗಿತು.